ಅರವತ್ತು ಲೀಟರ್ ಕಡಲು

ಕಡಲಿನಿಂದ ಉಪ್ಪು ತೆಗೆಯುವುದು ನನ್ನ ಕೆಲಸ.
ಹಗಲು ಪಾಳಿ. ಊರಿಗೆಲ್ಲ ಕುಡಿಯುವ ನೀರು
ನಮ್ಮ ಸ್ಥಾವರದ ಕೊಳವೆಗಳಿಂದ.
ಅದಕ್ಕೆ ಸಂಬಳ.
ರಾತ್ರಿ, ಮುಹರ್ರಖ್‌ನ ಗಲ್ಲಿಯ ಎರಡನೇ ಮಹಡಿಯಲ್ಲಿ
ಅದೇ ನೀರನ್ನು ಬಕೆಟ್ಟಿಗೆ ಹಿಡಿದು
ಕಾಸು ಕೊಟ್ಟು ತಂದ ಉಪ್ಪು ಕದಡುತ್ತೇನೆ,
ಲೀಟರಿಗೆ ಮೂವತ್ತೆಂಟು ಗ್ರಾಂ.
ಅಕ್ಕ ಬುದವಂತಿ ಫೋನಿನಲ್ಲೇ ನಕ್ಕಳು.
ಸಾಣಿಕಟ್ಟೆಯ ಆಗರದಲ್ಲಿ ಇಪ್ಪತ್ತು ವರ್ಷ
ಕಾಲು ಬಿರಿಯುವ ಬಿಸಿಲಲ್ಲಿ ಉಪ್ಪು ಎಳೆದವಳು:
"ತೆಗೆಯಲಿಕ್ಕೂ ದುಡ್ಡು, ಹಾಕಲಿಕ್ಕೂ ದುಡ್ಡು.
ನಡುವೆ ನೀನು ಯಾರೋ?"

ಈಗ ಪ್ಲಂಬರು, ಅಕ್ಕಾ.

ಗಾಜು ಕೊರೆಯುವಾಗ ಕೈ ಭಾರ ಬಿಡಬಾರದು.
ಬಿಲ್ಲೆ ತಿರುಗಬೇಕು, ಮೇಲೆ ಸಣ್ಣಗೆ ನೀರು ಬೀಳಬೇಕು,
ಅಕ್ಕಿ ತೊಳೆದಂಥ ಬಿಳಿ ಇಳಿಯುತ್ತಿರಬೇಕು.
ಒತ್ತಿದೆಯೋ, ಮೂಲೆಯಿಂದ ಮೂಲೆಗೆ ಬಿರುಕು.
ಮೊದಲ ತೊಟ್ಟಿ ಹಾಗೇ ಹೋಯಿತು.
ಎರಡನೆಯದರಲ್ಲಿ ದುಂಡಗಿನ ಗಾಜೊಂದು
ಹಪ್ಪಳದ ಹಾಗೆ ಅಂಗೈಗೆ ಕಳಚಿತು.
ಇಟ್ಟುಕೊಂಡಿದ್ದೇನೆ, ಪರ್ಸಿನಲ್ಲಿ.

ಮೇಲೊಂದು ತೊಟ್ಟಿ, ಕೆಳಗೆ ಕಪಾಟಿನೊಳಗೆ ಇನ್ನೊಂದು.
ಮೇಲಿನದು ತುಂಬಿ ಇಳಿಯಬೇಕು,
ಕೆಳಗಿನದನ್ನು ಪಂಪು ಏರಿಸಬೇಕು.
ಬಹ್ರೇನ್ ಅಂದರೆ ಎರಡು ಕಡಲು ಎಂದು
ಬಂದ ವರ್ಷವೇ ಯಾರೋ ಹೇಳಿದ್ದರು.
ಒಂದು ಇಂಚಿನ ಪೈಪು ಜೋಡಿಸುವತನಕ
ಅದು ತಲೆಗೆ ಹೋಗಿರಲಿಲ್ಲ.

ಅಂಟು ಹಚ್ಚಿ, ಕಾಲು ಸುತ್ತು ತಿರುಗಿಸಿ,
ಮೂವತ್ತು ಎಣಿಸುವವರೆಗೆ ಅದುಮಿ ಹಿಡಿ.
ಆಮೇಲೆ ಮನಸ್ಸು ಬದಲಿಸುವಂತಿಲ್ಲ.
ಅದಕ್ಕೇ ಅಲ್ಲಲ್ಲಿ ಯೂನಿಯನ್ನು, ಬಿಚ್ಚಲು ಬರುವ ಕೀಲು.
ಎಲ್ಲವನ್ನೂ ಅಂಟಿಸಿದವನು
ವೀಸಾ ಮುಗಿದ ದಿನ ಗರಗಸ ಹುಡುಕುತ್ತಾನೆ.

ಏರುಪೈಪಿಗೆ, ನೀರಿನ ಮಟ್ಟಕ್ಕಿಂತ ಬೆರಳಗಲ ಕೆಳಗೆ,
ಒಂದು ಸಣ್ಣ ತೂತು ಕೊರೆದೆ.
ಕರೆಂಟು ಹೋದರೆ ಗಾಳಿ ಅಲ್ಲಿಂದ ನುಗ್ಗಿ
ನೀರಿನ ಸೆಳೆತ ತುಂಡಾಗಬೇಕು.

ಆರು ವಾರ ಖಾಲಿ ನೀರು ನೋಡುತ್ತ ಕೂತೆ.
ಕಲ್ಲು ಕಂದಾಯಿತು, ಹಸಿರಾಯಿತು.
ಪಾಚಿ ಮೇಯಲೆಂದು ನಾಲ್ಕು ಬಸವನಹುಳು ಬಿಟ್ಟೆ,
ಕೊನೆಗೆ ಅಂಗಿಗುಂಡಿಯಷ್ಟಗಲದ
ಹವಳದ ಜೀವ ಒಂಬತ್ತು.

ಆಗಸ್ಟಿನ ಮಧ್ಯಾಹ್ನ, ನಾನು ಪಾಳಿಯಲ್ಲಿದ್ದಾಗ,
ಇಪ್ಪತ್ತು ನಿಮಿಷ ಕರೆಂಟಿಲ್ಲ.
ಆ ತೂತಿನ ಮೇಲೆ, ಸರಿಯಾಗಿ ಅದರ ಮೇಲೆಯೇ,
ಒಂದು ಬಸವನಹುಳು ನಿದ್ದೆ ಹೋಗಿತ್ತು.
ಮೇಲಿನ ಕಡಲು ಕೆಳಗಿನದನ್ನು ತುಂಬಿಸಿ
ಕಪಾಟು ದಾಟಿ ನೆಲದ ಬಿರುಕು ಹುಡುಕಿತು.

ಕೆಳಮನೆಯ ಬೂ ಯಾಕೂಬ್, ಕಟ್ಟಡದ ಯಜಮಾನರು,
ಮೆಟ್ಟಿಲೇರಿ ಬಂದರು, ತೋರುಬೆರಳು ಒದ್ದೆ.
"ಸೂರು ತೊಟ್ಟಿಕ್ಕಿತು. ನೆಕ್ಕಿ ನೋಡಿದೆ.
ಉಪ್ಪು!
ನನ್ನ ತಲೆ ಮೇಲೆ ಕಡಲು ಯಾವಾಗ ಬಂತು?"
ತೋರಿಸಿದೆ.
ಗೇಣುದ್ದ ಇಳಿದ ನೀರು, ಮುದುಡಿದ ಒಂಬತ್ತು ಗುಂಡಿ.
ಸ್ಟೂಲು ಎಳೆದು ಕೂತರು. ಬೈಯಲು ಬಂದದ್ದು
ನೆನಪಿರಲಿಲ್ಲ, ಅಥವಾ ಆಮೇಲೆಂದು ಇಟ್ಟುಕೊಂಡರು.

ಅವರಜ್ಜ ಮುತ್ತಿಗೆ ಮುಳುಗುತ್ತಿದ್ದವರಂತೆ.
ಕಡಲ ತಳದಲ್ಲಿ ಸಿಹಿನೀರಿನ ಬುಗ್ಗೆ,
ಅದರ ಬಾಯಿಗೆ ತೊಗಲಚೀಲ ಹಿಡಿದು
ತುಂಬಿಸಿ ಮೇಲೆ ತರುತ್ತಿದ್ದರಂತೆ.
ಉಪ್ಪಿನ ಹೊಟ್ಟೆಯೊಳಗೇ ಸಿಹಿ.
"ಬುಗ್ಗೆ ಬತ್ತಿತು. ಈಗ ನೀವು ಬಂದಿರಿ," ಅಂದರು.
ಹೊಗಳಿದರೋ, ದೂರಿದರೋ.
ಸೂರಿನ ಸುಣ್ಣಬಣ್ಣದ ಖರ್ಚು
ಬಾಡಿಗೆಗೆ ಸೇರಿಸಿದ್ದಂತೂ ಹೌದು.

ಈಗ ತೂತು ಎರಡು.
ಯೂನಿಯನ್ನನ್ನು ಅರ್ಧ ಸುತ್ತು ಬಿಗಿ ಮಾಡಿ
ಕೆಳಗೆ ಹಳೇ ಪೇಪರು ಹಾಸಿದೆ.
ತಿಂಗಳಾಯಿತು, ಹಾಳೆ ಒಣಗಿಯೇ ಇದೆ.
ಕೀಲಿನ ಸುತ್ತ ಮಾತ್ರ ಬೆಳ್ಳಗೆ ಏನೋ ಹೂತಿತ್ತು:
ಕಣ್ಣಿಗೆ ಬೀಳದ ಹಾಗೆ ಬಂದ ನೀರು
ಬಿಟ್ಟುಹೋದದ್ದು. ಉಗುರಿನಿಂದ ಕೆರೆದೆ,
ಅರ್ಧ ಚಿಟಿಕೆ ಆಯಿತು.
ಮೊದಲ ಬೆಳೆ ಎಂದು ಅಕ್ಕನಿಗೆ ಫೋಟೋ ಕಳಿಸಿದೆ.
ದೊಡ್ಡದು ಮಾಡಿ ನೋಡಿರಬೇಕು,
ಉತ್ತರ ಬರಲು ಹೊತ್ತಾಯಿತು:
"ಹರಳು ಕಟ್ಟಿಲ್ಲ.
ಅಲ್ಲಿ ಬಿಸಿಲು ಕಡಿಮೆಯೇನೋ."