ಡಬ್ಬಿಯ ಲೆಕ್ಕ

ಮಂಗಳವಾರ ಅಂದರೆ ಗುಡ್ಡ.
ಕಿಂಗ್‌ಸ್ಟನ್ನಿನ ಬಸ್ಸು ಅರ್ಧಕ್ಕೇ ಇಳಿಸಿ ಹೋಗುತ್ತದೆ.
ಆಮೇಲೆ ಕೆಂಪು ದಾರಿ, ಕಿತ್ತ ಚಪ್ಪಲಿಯ ಪಟ್ಟಿ,
ಹೆಗಲ ಚೀಲದೊಳಗೆ ನನ್ನ ಸರಂಜಾಮು:
ಹಾಲಿನ ಪುಡಿಯ ಖಾಲಿ ಡಬ್ಬಿ, ಬಾಟಲಿ ಮುಚ್ಚಳ ಹನ್ನೆರಡು,
ರಟ್ಟಿನ ಮೇಲೆ ನಾನೇ ಬರೆದ ಆಡು. ನೋಡಿದವರೆಲ್ಲ ನಾಯಿ ಎನ್ನುತ್ತಾರೆ.

ಡೆಲ್ರೀನ್ ಬಾಗಿಲಲ್ಲೇ ನಿಂತಳು ಮೊದಲ ದಿನ.
"ಮಾತೇ ಬಾರದವನ ಹತ್ತಿರ ಏನು ಮಾತಾಡಲಿ, ನರ್ಸ್?"
ನಾನು ನರ್ಸಲ್ಲ. ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ.
ಅವಳ ಕಾಲ ಬಳಿ ಒಮೇಲ್, ಹನ್ನೊಂದು ತಿಂಗಳು,
ಬೆಕ್ಕು ಮೀನಬುಟ್ಟಿ ನೋಡುವಂತೆ ನನ್ನ ಚೀಲ ನೋಡುತ್ತಿದ್ದ.

"ಬಾಳೆಕಾಯಿ ಸುಲಿಯುತ್ತೀಯಲ್ಲ, ಅದನ್ನೇ ಹೇಳು ಅವನಿಗೆ.
ಹಸಿರು ಅನ್ನು. ಅಂಟು ಅನ್ನು. ನೀರು ಕುದಿಯಿತು ಅನ್ನು.
ಅವನು 'ಬ' ಅಂದರೆ ನೀನೂ 'ಬ' ಅನ್ನು. ಆಮೇಲೆ ಸುಮ್ಮನಿರು,
ಅವನ ಸರದಿ ಅದು."
ಡೆಲ್ರೀನ್ ನಕ್ಕಳು, ಹುಚ್ಚಿಯನ್ನು ಕಂಡಂತೆ.

ಮುಚ್ಚಳ ಡಬ್ಬಿಗೆ ಬಿತ್ತು: ಟಣ್.
ಒಮೇಲ್ ಬೆಚ್ಚಿದ. ಡಬ್ಬಿಯೊಳಗೆ ಮೂತಿ ತೂರಿಸಿದ.
ಎತ್ತಿದ, ಬಿಟ್ಟ. ಟಣ್.
ಬಟ್ಟೆಯ ಮೇಲೆ ಬಿಟ್ಟ. ಸದ್ದಿಲ್ಲ.
ಸಾಲ ತೀರಿಸದವರನ್ನು ನೋಡುವಂತೆ ಬಟ್ಟೆಯನ್ನೇ ದುರುಗುಟ್ಟಿದ.
ಮತ್ತೆ ಡಬ್ಬಿಗೆ. ಟಣ್.
ಇಪ್ಪತ್ತಾರು ಸಲ ಎಣಿಸಿದೆ. ಸಾಕಾಗಿದ್ದು ನನಗೆ.

ಐದನೆಯ ಮಂಗಳವಾರ, ಕದ ತಟ್ಟುವ ಮೊದಲೇ ದನಿ ಕೇಳಿಸಿತು:
"ಇದು ಉಪ್ಪು. ಇದು ನಿನ್ನ ಅಂಗಿ, ಒಂದೇ ತೋಳು ಒಣಗಿದೆ.
ಇದು ನಿಮ್ಮಪ್ಪ ಕಳಿಸಿದ ಕಾಗದ, ಇದರಲ್ಲಿ ದುಡ್ಡಿಲ್ಲ.
ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ಗೊತ್ತಾ,
ಚಾವಣಿಯ ತಗಡು ಎಣಿಸುತ್ತೇನೆ, ಹದಿನಾಲ್ಕು..."
"ಬ," ಅಂದ ಒಮೇಲ್.
"ಬ," ಅಂದಳು. ಆಮೇಲೆ ಸುಮ್ಮನಾದಳು.
ನಾನೂ ಹೊರಗೇ ನಿಂತೆ, ಚೀಲ ಇಳಿಸದೆ.

ನನ್ನ ನಮೂನೆಯಲ್ಲಿ ಮಗುವಿಗೆ ಹತ್ತೊಂಬತ್ತು ಕಲಮು:
ಹುಡುಕುತ್ತದೆಯೇ, ಬೆರಳು ತೋರಿಸುತ್ತದೆಯೇ, ಹೆಸರಿಗೆ ತಿರುಗುತ್ತದೆಯೇ.
ತಾಯಿಗೆ ಒಂದೇ: ಹಾಜರೋ, ಗೈರೋ.
ಹಾಜರು ಎಂದು ಬರೆದೆ. ಪೆನ್ನು ಸ್ವಲ್ಪ ಒತ್ತಿ.

ಹಳೆಯ ಆಟಿಕೆ ವಾಪಸು ಪಡೆದೇ ಹೊಸದು ಕೊಡಬೇಕು, ನಿಯಮ.
ಡಬ್ಬಿಗೆ ಕೈಹಾಕಿದೆ. ಒಮೇಲ್ ಅದನ್ನು ತಬ್ಬಿ ಮಲಗಿಬಿಟ್ಟ.
ಬದಲಿಗೆ ಆಡಿನ ಚಿತ್ರ ಹಿಡಿದೆ.
"ಬೌ," ಎಂದ, ಸ್ಪಷ್ಟವಾಗಿ.

ಕಚೇರಿಯ ಪುಸ್ತಕದಲ್ಲಿ ಈಗ ನನ್ನ ಕೈಬರಹದ ಒಂದು ಸಾಲಿದೆ:
ಡಬ್ಬಿ ಒಂದು, ಗುಡ್ಡ ಇಳಿಯುವಾಗ ಹಳ್ಳಕ್ಕೆ ಬಿತ್ತು.