ಮಡಗಿದ್ದು

ಗಂಜಾಮಿನಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ.
ಆರೋಗ್ಯಮ್ಮತ್ತೆಯ ಹಿತ್ತಿಲ ಅಂಜೂರ
ಈ ಸಲವೂ ಬರೀ ಎಲೆ.
ಮೂರು ವರ್ಷವಾಯಿತು, ಕಡಿಸಿಬಿಡೋಣ ಅಂದರೆ
ಮಂಚದಿಂದಲೇ ಕೈಯೆತ್ತುತ್ತಾಳೆ:
'ಇನ್ನೊಂದು ವರ್ಸ ಬುಡ್ಲಾ.
ಬುಡಕ್ಕೆ ಗೊಬ್ಬರ ಹಾಕ್ದೆ
ಯಾವ ತೋಟದೋನೂ ಕೊಡಲಿ ಎತ್ತಲ್ಲ.'

ಎಂಬತ್ತಮೂರು ಅವಳಿಗೆ, ನನಗೆ ಐವತ್ತನಾಲ್ಕು.
ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ
ಬೋಗಿಗಳ ಬ್ರೇಕು ನೋಡುವ ಕೆಲಸ;
ನಿಲ್ಲಿಸುವುದರಲ್ಲಿ ಪಳಗಿದ ಕೈ.
ರಿಟೈರಾಗಲಿ ಅಂತ ನಾನೂ
ಒಂದಿಷ್ಟನ್ನು ಶೆಡ್ಡಿಗೆ ತಳ್ಳಿದ್ದೇನೆ:
ಮಾತುಬಿಟ್ಟ ತಮ್ಮನ ಮನೆಯ ಮೆಟ್ಟಿಲು,
ಚರ್ಚಿನ ಸಭೆಯವರು ಕೇಳಿದ ಭಾನುವಾರಗಳು,
ಗುರುಗಳ ಮುಂದೆ ಮೊಣಕಾಲೂರಿಯೂ ಹೇಳದ ಒಂದು ಪಾಪ.

ಅತ್ತೆಯ ಕಣ್ಣಿಗೆ ಪೊರೆ. ಜಪಸರದ ಮಣಿ
ಬೆರಳಿಗೆ ಸಿಕ್ಕಿ, ಜಾರಿ, ಮತ್ತೆ ಸಿಗುತ್ತದೆ.
ಐದನೆಯ ರಹಸ್ಯಕ್ಕೆ ಬರುವಷ್ಟರಲ್ಲಿ
ಮೂರನೆಯದು ಆಯಿತೋ ಇಲ್ಲವೋ ಅನುಮಾನ,
ಪುನಃ ಮೊದಲಿಂದ.
'ಸ್ವಾಮಿಗೇನು, ಎಷ್ಟು ಸಲ ಆದ್ರೂ ಕೇಳಿಸ್ಕತಾನೆ'
ಅಂತ ಹಲ್ಲಿಲ್ಲದ ನಗು.
ಆಮೇಲೆ ದನಿ ತಗ್ಗಿಸಿ: 'ಮಂಚದಡಿ ಟ್ರಂಕು ಎಳಿ.'

ತುಕ್ಕು ಹಿಡಿದ ಚಿಲಕ. ನುಸಿಗುಳಿಗೆಯ ವಾಸನೆ.
ಮಡಿಕೆಯಲ್ಲೇ ಹಳದಿಯಾದ ಮಲ್ಲು ಬಟ್ಟೆ,
ಇಪ್ಪತ್ತೆಂಟು ತುಂಡು.
ಆಸ್ಪತ್ರೆಯಲ್ಲಿ ಹುಟ್ಟಿ, ಹಳೇ ಪಂಚೆ ಸುತ್ತಿಕೊಂಡು
ಮನೆಗೆ ಹೋಗುವ ಕೂಸುಗಳಿಗೆ
ಅಂಗಿ ಹೊಲಿಯಬೇಕಂತ ತಂದದ್ದು,
ಮೂವತ್ತು ವರ್ಷದ ಹಿಂದೆ.
'ಕ್ರಿಸ್ಮಸ್ಸಿಗೆ ಕೊಡ್ತೀನಿ ಅಂತ ಮಾತಾಯಿಗೆ ಹರಕೆ ಹೊತ್ತೆ.
ಯಾವ ಕ್ರಿಸ್ಮಸ್ಸು ಅಂತ ಯೋಳ್ನಿಲ್ಲ.

'ಜತನವಾಗಿ ಮಡಗಿದ್ದೆ ಕಣ್ಲಾ ಇನ್ನಾಸಿ.
ಒಂದೂ ಕಳೀನಿಲ್ಲ.
ಕೊಟ್ಟೋನು ಲೆಕ್ಕ ಕೇಳಿದ್ರೆ ಎಣಿಸಿ ಒಪ್ಪಿಸ್ಬೋದು.
ಆದ್ರೆ ಅವನು ಬಟ್ಟೆ ಕೇಳಲ್ಲ,
ಅಂಗಿ ಕೇಳ್ತಾನೆ.

'ಆಗ ಕೈಯಿತ್ತು, ಹೊತ್ತಿರ್ನಿಲ್ಲ.
ಈಗ ಹೊತ್ತೋ ಹೊತ್ತು. ಕೈ ನೋಡು.'
ನೋಡಿದೆ.
ಗಾಳಿಯೇ ಇಲ್ಲದ ಕೋಣೆಯಲ್ಲಿ ಎಲೆಯ ಹಾಗೆ.

ನಾನು ದರ್ಜಿಯ ಮಗ. ಮಂಡಿ ಮೊಹಲ್ಲಾದಲ್ಲಿ
ಅಪ್ಪ ಬ್ಯಾಂಡಿನವರ ಕೆಂಪು ಕೋಟು ಹೊಲಿಯುತ್ತಿದ್ದ,
ಕಾಜಾ ನನ್ನ ಪಾಲಿಗೆ.
ಇದು ಅವಳಿಗೆ ಗೊತ್ತು. ಏನೂ ಕೇಳಲಿಲ್ಲ.
ಕಾಪಿ ಕುಡ್ಕಂಡು ಹೋಗು ಅಂದಳು.

ಹೊರಡುವಾಗ ಅಂಜೂರದ ಬುಡ ಕೆದಕಿದೆ. ಗಟ್ಟಿ ಮಣ್ಣು.
ಮುಂದಿನ ಶನಿವಾರ ಗುದ್ದಲಿ ತರಬೇಕು.

ಟ್ರಂಕಿಗೂ ಟಿಕೆಟು ಹರಿದ ಕಂಡಕ್ಟರು.
ಕಾವೇರಿ ದಾಟುವಾಗ
ಯಾರೋ ಕಸಿದುಕೊಳ್ಳುತ್ತಾರೇನೋ ಎಂಬಂತೆ
ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದೆ.

ರಾತ್ರಿ ಅಪ್ಪನ ಮಿಷನ್ನಿಗೆ ಎಣ್ಣೆ ಬಿಟ್ಟೆ.
ಸೂಜಿಗೆ ದಾರ: ಒಂದು ಸಲ, ಎರಡು, ಐದು.
ಕನ್ನಡಕ ಹಾಕಿ, ತೆಗೆದು,
ದಾರದ ತುದಿಯನ್ನು ಎಂಜಲಲ್ಲಿ ಹುರಿಮಾಡಿ,
ಊಹೂಂ.
'ನಾಳೆ ಬೆಳಕಲ್ಲಿ ನೋಡೋಣ' ಅಂದಿತು ಬಾಯಿ ತಾನಾಗಿ.
ಕೇಳಿಸಿಕೊಂಡು ನಾನೇ ಬೆಚ್ಚಿದೆ.
ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ;
ಹೋಂವರ್ಕಿನ ನಡುವಿಂದ ಎದ್ದುಬಂದ ನಗೀನಾ
ಒಂದೇ ಏಟಿಗೆ ಪೋಣಿಸಿಕೊಟ್ಟು
'ಇಷ್ಟೇನಾ ಅಂಕಲ್?' ಅಂದಳು.

ಮೊದಲ ಅಂಗಿಯ ಒಂದು ತೋಳು ಬೆರಳಗಲ ಉದ್ದ.
ತೊಡುವವನಿಗೆ ಇನ್ನೂ ಮಾತು ಬಂದಿಲ್ಲ, ದೂರಿಲ್ಲ.
ತಿಂಗಳೊಪ್ಪತ್ತಿನಲ್ಲಿ ಬೆಳೆದುಬಿಡುತ್ತದೆ ಮೈ.

ಹನ್ನೊಂದೂವರೆ. ಉಳಿದದ್ದು ಇಪ್ಪತ್ತೇಳು.
ಫೋನಿನಲ್ಲಿ ತಮ್ಮನ ನಂಬರು ಇನ್ನೂ ಇದೆ.
ಈ ಹೊತ್ತಿಗೆ ಮಲಗಿರುತ್ತಾನೆ ಅನ್ನಿಸಿತು.

ಒತ್ತಿದೆ.