ಕಡ್ಡಿ

ಟೊಲೀಡೊ. ಷೆಡ್ಡಿನ ಬಾಗಿಲಿಗೆ ಹಿಮ ಅಂಟಿದೆ.
ಹುಡುಗ ಬಂದದ್ದು ಹಳೆಯ ಗೇರ್‌ಬಾಕ್ಸಿಗೆ.
ಎರಡನೇ ಗೇರು ಕಚ್ಚುತ್ತದೆ, ಅದಕ್ಕೇ ಇನ್ನೂರು, ಎಂದೆ.
ಸುಳ್ಳು ಹೇಳಿ ಮಾರಿದ ಕಬ್ಬಿಣ
ರಾತ್ರಿ ಮನೆಗೆ ಬಂದು ಕದ ತಟ್ಟುತ್ತದೆ.

ಆಮೇಲೆ ಅವನ ಕಣ್ಣು ಸ್ಟ್ಯಾಂಡಿನ ಮೇಲಿನ ಎಂಜಿನ್ನಿಗೆ.
ಹನ್ನೊಂದು ತಿಂಗಳು ಕಟ್ಟಿದ್ದು, ಲೋರೀನ್ ಝಬಿನ್ಸ್ಕಿಗೆ.
ಎಂಟೂ ಪಿಸ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ
ತೂಗಿ ತೂಗಿ ಸಮ ಮಾಡಿದವಳು ಅವಳೇ.
ಮುಂಗಡ ಕೊಟ್ಟಳು. ಬರಲಿಲ್ಲ.
ಯಾಕೆಂದು ಹುಡುಗನಿಗೆ ಹೇಳಲಿಲ್ಲ.

"ಸದ್ದು ಹೇಗಿದೆ?"
"ನಾನೂ ಕೇಳಿಲ್ಲ."
ಚೌಕಾಸಿ ಮಾಡದೆ ಎಣಿಸಿ ಕೊಟ್ಟ.

ಟ್ರಕ್ಕು ಈಗ ಮೌಮೀ ಸೇತುವೆ ದಾಟಿರಬೇಕು.
ನನ್ನ ಕೈಯಲ್ಲಿ ಎಣ್ಣೆ ನೋಡುವ ಕಡ್ಡಿ.
ಬೆಳಕಿಗೆ ಹಿಡಿದೆ:
ಇನ್ನೂ ಎಣ್ಣೆ ಕಾಣದ ಎರಡು ಗೀಟು.

ಹುಡುಗನ ನಂಬರಿದೆ.
ಸ್ವಲ್ಪ ಹೊತ್ತು ಬಿಟ್ಟು ಮಾಡುತ್ತೇನೆ.